ಪಾತ್ರೆ ಅಂಗಡಿಯ ವೀಲುನಾಮೆ

ವಕೀಲಿಕೆಗೆ ಸೇರಿದ ಹೊಸತರಲ್ಲಿ ನಾನು ಕಂಡುಕೊಂಡದ್ದು ಇಷ್ಟು: ಜನ ಅಂಗಡಿ ಶುರುಮಾಡುವಾಗ ವಕೀಲರ ಹತ್ತಿರ ಬರುತ್ತಾರೆ, ಮಾರುವಾಗ ಬರುತ್ತಾರೆ, ಪಾಲುದಾರನ ಜೊತೆ ಜಗಳವಾದರೆ ಚಪ್ಪಲಿ ಹಾಕಲೂ ಮರೆತು ಓಡಿ ಬರುತ್ತಾರೆ, ಆದರೆ ತಾನು ಸತ್ತ ಮೇಲೆ ಅಂಗಡಿಯ ಬಾಗಿಲು ತೆಗೆಯುವ ಹಕ್ಕು ಯಾರದ್ದು ಎಂದು ಕೇಳಲು ಒಬ್ಬನೂ ಬರುವುದಿಲ್ಲ. ಯಾರೂ ಕೇಳದ ಪ್ರಶ್ನೆ ಎಂದರೆ ನನಗೆ ಚಿಕ್ಕಂದಿನಿಂದಲೂ ಪ್ರಾಣ. ಹಾಗಾಗಿ ಅದನ್ನು ನಾನೇ ಎಲ್ಲರ ಹತ್ತಿರ ಕೇಳಲು ಶುರುಮಾಡಿದೆ.

ಆಗ ತೊಂಬತ್ತರ ದಶಕ ಅರ್ಧ ಕಳೆದಿತ್ತು. ಸಿದ್ಧಕಟ್ಟೆಯಿಂದ ಬೆಳಿಗ್ಗೆ ಬಸ್ಸು ಹಿಡಿದು ಬಂಟ್ವಾಳಕ್ಕೆ ಬಂದು, ಒಬ್ಬ ಹಿರಿಯ ವಕೀಲರ ಕಚೇರಿಯಲ್ಲಿ ಜೂನಿಯರ್ ಆಗಿ ಕೂರುತ್ತಿದ್ದೆ. ಕಚೇರಿ ಎಂದರೆ ಬೇಕರಿಯ ಮೇಲಿನ ಎರಡು ಕೋಣೆ. ಕೆಳಗೆ ಬ್ರೆಡ್ಡು ಬೇಯುವ ಪರಿಮಳ ಬಂದರೆ ಕಕ್ಷಿದಾರರ ಮಾತು ನನ್ನ ಕಿವಿಗೆ ಬೀಳುತ್ತಿರಲಿಲ್ಲ. ನಮ್ಮ ಹಿರಿಯರು ಮಾತಿನಲ್ಲಿ ಮಹಾ ಜಿಪುಣರು. "ಅವರು ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳಬೇಕು ಮಗಾ. ಕೇಳದ್ದಕ್ಕೆ ಹೇಳಿದರೆ ಫೀಸು ಸಿಗುದಿಲ್ಲ, ಬೈಗಳು ಸಿಗ್ತದೆ" ಎನ್ನುತ್ತಿದ್ದರು. ಹೇಳಿದರೇನು, ನನ್ನ ಬಾಯಿ ಸುಮ್ಮನಿರುವ ಜಾತಿಯದಲ್ಲ.

ಮೊದಲು ಸಿಕ್ಕಿದವರು ಕೆಳಗಿನ ಬೇಕರಿಯವರು. "ಅಣ್ಣ, ನಿಮ್ಮ ನಂತರ ಈ ಬೇಕರಿ ಯಾರಿಗೆ?" ಎಂದೆ. ಅವರು ಕೈಯಲ್ಲಿದ್ದ ಬನ್ನನ್ನು ಹಾಗೆಯೇ ಹಿಡಿದುಕೊಂಡು, "ಬೆಳಿಗ್ಗೆ ಬೆಳಿಗ್ಗೆ ನನ್ನನ್ನು ಸಾಯಿಸ್ತೀಯಲ್ಲ ಮಾರಾಯ್ತಿ!" ಎಂದರು. ಹೋಟೆಲಿನವರೊಬ್ಬರು, "ಮೊದಲು ಈ ಲೈಸೆನ್ಸ್ ಒಂದು ಮಾಡಿಸಿ ಕೊಡಿ, ಆಮೇಲೆ ನಿಧಾನಕ್ಕೆ ಸಾಯುವ" ಎಂದರು. ಬಸ್ಸಿನ ಏಜೆಂಟನಂತೂ ಮರುದಿನದಿಂದ ನನ್ನನ್ನು ಕಂಡರೆ ಬೇರೆ ಬಸ್ಸಿನ ಹಿಂದೆ ಹೋಗಿ ನಿಲ್ಲುತ್ತಿದ್ದ. ನನಗೇನೂ ಬೇಸರವಾಗಲಿಲ್ಲ. ಜೀವಮಾನವಿಡೀ ದುಡಿದು ಕಟ್ಟಿದ್ದರ ಬಗ್ಗೆ ಮನುಷ್ಯ ಇಷ್ಟು ನಿಶ್ಚಿಂತೆಯಿಂದ ಹೇಗೆ ಇರುತ್ತಾನೆ ಎನ್ನುವುದೇ ನನ್ನ ಕುತೂಹಲ.

ಮಡಂತ್ಯಾರಿನ ಪಾತ್ರೆ ಅಂಗಡಿಯ ಯಜಮಾನರು ನಮ್ಮ ಕಚೇರಿಯ ಮೆಟ್ಟಿಲು ಹತ್ತಿದ್ದು ಆ ದಿನಗಳಲ್ಲಿ. ಅರುವತ್ತು ದಾಟಿದ ಜೈನರು, ಬಿಳಿ ಪಂಚೆ, ಗಟ್ಟಿ ಗಂಟಲು. ಅವರದ್ದು ಮದುವೆ ಮುಂಜಿಗಳಿಗೆ ಪಾತ್ರೆ, ಬೆಂಚು, ಶಾಮಿಯಾನ ಬಾಡಿಗೆಗೆ ಕೊಡುವ ಅಂಗಡಿ. ಹಂಡೆ, ಕೊಪ್ಪರಿಗೆ, ಬಾಣಲೆಗಳು ಅಲ್ಲಿಂದ ನೆರಿಯದ ಕಾಡಿನ ಅಂಚಿನವರೆಗೂ ಟೆಂಪೋದಲ್ಲಿ ಹೋಗಿ ಬರುತ್ತಿದ್ದವು. ಜೊತೆಗೆ ಬಂದಿದ್ದವರು ರಸ್ತೆಯ ಆಚೆ ಬದಿಯ ಅಂಗಡಿಯ ಸಾಹೇಬರು, ಗಲ್ಫಿನಲ್ಲಿ ಕೆಲವು ವರ್ಷ ಇದ್ದು ಬಂದವರು. ಅವರದ್ದೂ ಪಾತ್ರೆ ಬಾಡಿಗೆಯೇ. ಆದರೆ ಇಬ್ಬರಿಗೂ ಜಗಳ ಇಲ್ಲ. ಯಜಮಾನರ ಪಾತ್ರೆ ಮಾಂಸದ ಅಡುಗೆಗೆ ಹೋಗುವುದಿಲ್ಲ. ಬಿರಿಯಾನಿಯ ಮದುವೆ ಬಂದರೆ ಪಾತ್ರೆ ಸಾಹೇಬರದ್ದು, ಬೆಂಚು ಮತ್ತು ಶಾಮಿಯಾನ ಯಜಮಾನರದ್ದು. ಯಜಮಾನರಿಗೆ ಸಾಹೇಬರ ಹಿಂದಿನ ಗೋದಾಮು ಬಾಡಿಗೆಗೆ ಬೇಕಿತ್ತು. ಅದಕ್ಕೊಂದು ಕರಾರು ಬರೆಸಲು ಬಂದಿದ್ದರು.

ಕರಾರನ್ನು ನಾನೇ ಬರೆದೆ. ಓದಿ ಹೇಳುವಾಗ ಸುಮ್ಮನೆ ಇರಬಹುದಿತ್ತು. ಇರಲಿಲ್ಲ. "ಅಣ್ಣ, ಗೋದಾಮಿನ ಮಾತು ಆಯ್ತು. ನಿಮ್ಮ ನಂತರ ಅಂಗಡಿ ಯಾರಿಗೆ?" ಎಂದು ಕೇಳಿಯೇಬಿಟ್ಟೆ.

ಯಜಮಾನರು ಬೈಯಲಿಲ್ಲ. ಹೆದರಲೂ ಇಲ್ಲ. ನಾನು ಸೂರ್ಯ ಯಾವ ದಿಕ್ಕಿನಲ್ಲಿ ಹುಟ್ಟುತ್ತಾನೆ ಎಂದು ಕೇಳಿದ ಹಾಗೆ ನನ್ನ ಮುಖ ನೋಡಿದರು. "ಇದೆಂತ ಪ್ರಶ್ನೆ ವಕೀಲಮ್ಮ? ನನ್ನ ತಂಗಿಯ ಮಗ ಇದ್ದಾನಲ್ಲ. ಸಣ್ಣ ಪ್ರಾಯದಿಂದ ಅಂಗಡಿಯಲ್ಲೇ ಇದ್ದಾನೆ. ಮತ್ತೆ ಯಾರಿಗೆ?"

"ಬರೆದಿದ್ದೀರಾ?"

"ಬರೆಯುದು ಎಂತದ್ದು? ಅವನದ್ದೇ ಅಲ್ವಾ?"

ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮ ಕಡೆಯ ಜೈನರಲ್ಲಿ, ಬಂಟರಲ್ಲಿ, ಇನ್ನೂ ಕೆಲವರಲ್ಲಿ ಆಸ್ತಿ ಅಪ್ಪನಿಂದ ಮಕ್ಕಳಿಗೆ ಇಳಿಯುತ್ತಿರಲಿಲ್ಲ. ಗಂಡಸಿನದ್ದು ಅವನ ಅಕ್ಕತಂಗಿಯರ ಮಕ್ಕಳಿಗೆ. ಅವನ ಸ್ವಂತ ಮಕ್ಕಳು ತಮ್ಮ ತಾಯಿಯ ಅಣ್ಣತಮ್ಮಂದಿರ ಕಡೆ ನೋಡಬೇಕು. ಇದಕ್ಕೆ ಅಳಿಯಕಟ್ಟು ಎನ್ನುತ್ತಾರೆ. ನಮ್ಮ ಮನೆಯದ್ದು ಮಕ್ಕಳಕಟ್ಟು, ಅಪ್ಪನದ್ದು ಮಕ್ಕಳಿಗೆ. ಹಾಗಾಗಿ ನಾನು ಅಳಿಯಕಟ್ಟನ್ನು ಪುಸ್ತಕದಲ್ಲಿ ಮಾತ್ರ ಓದಿದ್ದೆ. ಅದು ಎಂದೋ ಬಿದ್ದುಹೋಗಿದೆ ಎಂದೂ ಅದೇ ಪುಸ್ತಕದಲ್ಲಿ ಓದಿದ್ದೆ. ಈಗಿನ ಉತ್ತರಾಧಿಕಾರದ ಕಾಯ್ದೆಯಲ್ಲಿ, ವೀಲುನಾಮೆ ಬರೆಯದೆ ತೀರಿಕೊಂಡವನ ಸ್ವಂತ ಗಳಿಕೆ ಹೆಂಡತಿಗೆ, ಮಕ್ಕಳಿಗೆ, ತಾಯಿ ಇದ್ದರೆ ತಾಯಿಗೆ. ತಂಗಿಯ ಮಗನಿಗೆ ಏನೂ ಇಲ್ಲ. ಯಜಮಾನರಿಗೆ ಹೆಂಡತಿ ಇದ್ದರು, ಇಬ್ಬರು ಹೆಣ್ಣುಮಕ್ಕಳಿದ್ದರು.

ಇದನ್ನೆಲ್ಲ ಉಸಿರು ಬಿಡದೆ ಹೇಳಿದೆ. ಯಜಮಾನರು ಸಾಹೇಬರ ಕಡೆ ತಿರುಗಿ, "ಈ ಹುಡುಗಿಗೆ ನಮ್ಮ ಕಟ್ಟು ಗೊತ್ತಿಲ್ಲ" ಎಂದು ಕನಿಕರದಿಂದ ಹೇಳಿದರು. "ನನ್ನ ಸೋದರಮಾವ ನನಗೆ ಬರೆದು ಕೊಟ್ಟಿದ್ದಾರಾ? ನಾಲ್ಕು ಹಂಡೆ, ಒಂದು ಕೀಲಿಕೈ ಕೊಟ್ಟರು. ಅಷ್ಟೇ. ಒಬ್ಬನಾದರೂ ಪ್ರಶ್ನೆ ಮಾಡಿದ್ದಾನಾ?"

"ನಿಮ್ಮ ಮಾವನಿಗೆ ಮಕ್ಕಳಿದ್ದರಾ?"

"ಅವರಿಗೆ ಮದುವೆಯೇ ಆಗಿರಲಿಲ್ಲ."

"ಮತ್ತೆ ಪ್ರಶ್ನೆ ಮಾಡುವವರು ಯಾರು ಅಣ್ಣ?"

ಆ ಹೊತ್ತಿಗೆ ನಮ್ಮ ಹಿರಿಯರು ಜೋರಾಗಿ ಕೆಮ್ಮಿದರು. ಅದು ನನಗೆ ಸಾಕು ಎನ್ನುವ ಕೆಮ್ಮು. ಸಾಹೇಬರು ಮಾತ್ರ ನಗುತ್ತಾ, "ನಮ್ಮದರಲ್ಲಿ ಈ ಮಂಡೆಬಿಸಿ ಇಲ್ಲ. ಯಾರಿಗೆ ಎಷ್ಟು ಅಂತ ಮೊದಲೇ ಆಗಿ ಉಂಟು, ಹೆಣ್ಣುಮಕ್ಕಳಿಗೂ ಉಂಟು. ನಾನು ಬೇರೆ ಮಾಡ್ತೇನೆ ಹೇಳಿದರೂ ಮೂರರಲ್ಲಿ ಒಂದು ಭಾಗಕ್ಕಿಂತ ಹೆಚ್ಚು ಆಗುದಿಲ್ಲ" ಎಂದರು. ಒಂದೇ ರಸ್ತೆಯ ಎರಡು ಬದಿಯ ಎರಡು ಅಂಗಡಿ, ಒಂದೇ ವ್ಯಾಪಾರ, ಎರಡಕ್ಕೂ ಎರಡು ದಾರಿ. ನನಗೆ ಆ ರಾತ್ರಿ ಊಟವೂ ಸರಿಯಾಗಿ ಸೇರಲಿಲ್ಲ.

ಸುಮ್ಮನೆ ಕೂರುವುದು ಹೇಗೆ? ಬೆಳ್ತಂಗಡಿ ಕೋರ್ಟಿಗೆ ಹೋಗುವ ದಿನಗಳಲ್ಲಿ ಮಡಂತ್ಯಾರಿನಲ್ಲಿ ಇಳಿದು ಅಂಗಡಿಗೆ ಹೋಗತೊಡಗಿದೆ. ಗೋದಾಮಿನ ಕರಾರಿನ ನೆಪ ಇತ್ತು. ಆಮೇಲೆ ನೆಪ ಬೇಕಾಗಲಿಲ್ಲ.

ಅಳಿಯ ಅಂದರೆ ಆ ತಂಗಿಯ ಮಗ. ಮೂವತ್ತೈದರ ಆಸುಪಾಸು, ಮಾತು ಕಡಿಮೆ. ಮದುವೆಯ ಮನೆಯಿಂದ ವಾಪಸು ಬಂದ ಪಾತ್ರೆಗಳನ್ನು ಟೆಂಪೋದಿಂದ ಇಳಿಸಿ, ಹುಣಸೆಹಣ್ಣು ಹಚ್ಚಿ ತಿಕ್ಕಿಸಿ, ಒಂದರೊಳಗೊಂದು ಇಡುವವರೆಗೆ ಕೂರುತ್ತಿರಲಿಲ್ಲ. ಯಜಮಾನರು ಮುಂದಿನ ಬೆಂಚಿನಲ್ಲಿ ಕೂತು ಅವನಿಗೆ ಬೈಯುತ್ತಿದ್ದರು. ಬಾಣಲೆಯ ಕಿವಿ ಬಗ್ಗಿದರೆ ಅವನದ್ದೇ ತಪ್ಪು, ಶಾಮಿಯಾನ ಒದ್ದೆಯಾದರೆ ಅವನದ್ದೇ ತಪ್ಪು, ಮದುವೆ ತಪ್ಪಿಹೋದರೂ ಅವನದ್ದೇ ತಪ್ಪು. ಒಂದು ಒಳ್ಳೆಯ ಮಾತು ಅವರ ಬಾಯಿಂದ ನಾನು ಕೇಳಲಿಲ್ಲ. ಅವನೂ ಅದನ್ನು ಕಾಯುತ್ತಿರುವಂತೆ ಕಾಣಲಿಲ್ಲ.

ಒಮ್ಮೆ ಯಜಮಾನರು ಇಲ್ಲದಾಗ ಅವನ ಹತ್ತಿರ ಕೇಳಿದೆ. "ನಿಮಗೆ ಈ ಅಂಗಡಿ ಇಷ್ಟವಾ?"

ಅವನು ಸೌಟುಗಳನ್ನು ಜೋಡಿಸುತ್ತಿದ್ದವನು ತಲೆ ಎತ್ತಿದ. "ಇಷ್ಟ ಅಂತ ಎಂತದ್ದು ಅಕ್ಕ? ಬರುವಂಥದ್ದು, ಬರ್ತದೆ." ಮತ್ತೆ ತಾನಾಗಿಯೇ ಹೇಳಿದ: "ಸಾಹೇಬರು ಗಲ್ಫಿಗೆ ವೀಸಾ ಮಾಡಿ ಕೊಡ್ತೇನೆ ಹೇಳಿದ್ದರು. ಹೋಗುವ ಅಂತ ಇದ್ದೆ. ಮಾವ ಹೇಳಿದರು, ನೀನು ಹೋದರೆ ನಿನ್ನ ಅಂಗಡಿ ಯಾರು ನೋಡುದು ಅಂತ. ಮತ್ತೆ ಹೋಗ್ಲಿಲ್ಲ." ನಿನ್ನ ಅಂಗಡಿ ಎಂಬ ಮಾತನ್ನು ನಂಬಿ ನಿಂತವನಿಗೆ, ಕಾನೂನಿನ ಕಣ್ಣಿನಲ್ಲಿ ಅಲ್ಲಿ ಒಂದು ಸೌಟೂ ಇರಲಿಲ್ಲ. ಯಜಮಾನರಿಗೆ ಏನಾದರೂ ಆದರೆ ಮರುದಿನ ಅವನು ಅಂಗಡಿಯ ಮೆಟ್ಟಿಲಿನ ಕೆಳಗೆ.

ಕಚೇರಿಗೆ ಬಂದು ಹಿರಿಯರ ತಲೆ ತಿಂದೆ. ಅವರು ಕನ್ನಡಕ ಒರೆಸುತ್ತಾ, "ವೀಲು ಬೇಡ ಹೇಳ್ತಾರಾದರೆ ಪಾಲುದಾರಿಕೆ ಮಾಡಿಸು" ಎಂದರು. ನನಗೆ ಸಂತೋಷ. ಯಜಮಾನರು ಅದಕ್ಕೆ ತಕರಾರಿಲ್ಲದೆ ಒಪ್ಪಿದರು ಕೂಡ. ವ್ಯಾಪಾರದ ಪತ್ರ ತಾನೇ, ಅದರಲ್ಲಿ ಮಾನದ ಪ್ರಶ್ನೆ ಇಲ್ಲ. ನಾನು ಉತ್ಸಾಹದಲ್ಲಿ ಕರಡು ಬರೆದು ತಂದೆ: ಮಾವ, ಅಳಿಯ, ಇಬ್ಬರು ಪಾಲುದಾರರು. ಹಿರಿಯರು ಓದಿ ಕೆಳಗಿಟ್ಟರು. "ಇಬ್ಬರೇ ಇರುವ ಸಂಸ್ಥೆಯಲ್ಲಿ ಒಬ್ಬ ತೀರಿಕೊಂಡರೆ ಎಂತ ಆಗ್ತದೆ?"

ಆಗ ನನಗೆ ಹೊಳೆಯಿತು. ಒಬ್ಬನೇ ಇದ್ದಾಗ ಪಾಲುದಾರಿಕೆ ಎಲ್ಲಿಂದ ಬಂತು? ಸಂಸ್ಥೆಯೇ ಮುಗಿಯುತ್ತದೆ. ಯಜಮಾನರ ಪಾಲು ಪುನಃ ಹೆಂಡತಿ ಮಕ್ಕಳಿಗೆ, ಅಂಗಡಿಯ ಕೋಣೆಯಂತೂ ಯಜಮಾನರ ಸ್ವಂತ ಹೆಸರಿನಲ್ಲೇ ಇದೆ. "ಮೂರನೆಯವರು ಒಬ್ಬರು ಬೇಕು" ಎಂದರು ಹಿರಿಯರು. "ಅವರ ಹೆಂಡತಿಯನ್ನು ಕೇಳಿ ನೋಡು."

ಹೀಗೆ ನಾನು ಯಜಮಾನರ ಹೆಂಡತಿಯನ್ನು ಕಂಡದ್ದು. ಅಂಗಡಿಯ ಹಿಂದೆಯೇ ಮನೆ. ತುಂಬ ಗಟ್ಟಿಗಿತ್ತಿ, ಮಾತು ಮೆಲು, ಆದರೆ ಎದುರಿನವರ ಕಣ್ಣನ್ನು ಬಿಟ್ಟು ಬೇರೆ ಕಡೆ ನೋಡುತ್ತಿರಲಿಲ್ಲ. ನನಗೆ ಎಳ್ಳುಂಡೆ ಕೊಟ್ಟು, ಹೇಳಿದ್ದನ್ನೆಲ್ಲ ಕೇಳಿ, ತಲೆಯಾಡಿಸಿದರು. "ಅಂಗಡಿ ಅವನಿಗೇ ಅಲ್ವಾ ಹೋಗುದು. ಅದರಲ್ಲಿ ನನ್ನ ಹೆಸರು ಯಾಕೆ ಮಗಾ? ನನ್ನ ಹುಡುಗಿಯರಿಗೆ ಅವರ ಸೋದರಮಾವ ಇದ್ದಾನೆ. ಮೂಡಬಿದಿರೆಯಲ್ಲಿ ನನ್ನ ಅಣ್ಣನ ಬಟ್ಟೆ ಅಂಗಡಿ ಉಂಟು, ಎರಡು ಮಾಳಿಗೆಯದ್ದು. ಅದು ಇವರಿಗೇ."

ಅರ್ಧ ಕಚ್ಚಿದ ಎಳ್ಳುಂಡೆಯನ್ನು ತಟ್ಟೆಯಲ್ಲಿಟ್ಟೆ. ಆ ಅಣ್ಣ ಹಿಂದಿನ ತಿಂಗಳು ನಮ್ಮ ಕಚೇರಿಗೇ ಬಂದಿದ್ದರು. ತನ್ನ ಗಂಡುಮಕ್ಕಳನ್ನು ಬಟ್ಟೆ ಅಂಗಡಿಯ ಪಾಲುದಾರರನ್ನಾಗಿ ಮಾಡಿ, ಉಳಿದದ್ದನ್ನೂ ಅವರ ಹೆಸರಿಗೆ ಬರೆದು ಹೋಗಿದ್ದರು. ಆ ಪತ್ರಗಳನ್ನು ಟೈಪು ಮಾಡಿಸಿದವಳು ನಾನೇ. ಕಾನೂನಿನಲ್ಲಿ ಅವರದ್ದು ತಪ್ಪಲ್ಲ. ಆದರೆ ನೋಡಿ, ಒಂದು ಮನೆಯವರು ಕಟ್ಟನ್ನು ಬಿಟ್ಟು ಕಾಯ್ದೆಗೆ ಬಂದಿದ್ದರು, ಇನ್ನೊಂದು ಮನೆಯವರು ಕಟ್ಟಿನಲ್ಲೇ ಕೂತಿದ್ದರು. ಇಬ್ಬರ ನಡುವೆ ಈ ಹುಡುಗಿಯರಿಗೆ ಸೋದರಮಾವನದ್ದೂ ಇಲ್ಲ, ಕಟ್ಟಿನ ಪ್ರಕಾರ ನಡೆದರೆ ಅಪ್ಪನದ್ದೂ ಇಲ್ಲ.

ಒಬ್ಬ ಕಕ್ಷಿದಾರರ ವಿಷಯ ಇನ್ನೊಬ್ಬರಿಗೆ ಹೇಳುವ ಹಾಗಿಲ್ಲ. ಅದು ನಮ್ಮ ಕಸುಬಿನ ಧರ್ಮ. ನನ್ನಂಥ ಬಾಯಿಬಡುಕಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಇನ್ನೊಂದು ಎಳ್ಳುಂಡೆಯನ್ನು ಬಾಯಿಗೆ ತುರುಕಿಕೊಂಡು, "ಅಕ್ಕ, ಒಮ್ಮೆ ಮೂಡಬಿದಿರೆಗೆ ಹೋಗಿ ಅಣ್ಣನ ಹತ್ತಿರ ಮಾತಾಡಿ ಬನ್ನಿ" ಎಂದಷ್ಟೇ ಹೇಳಿ ಎದ್ದೆ. ಬಸ್ಸಿನಲ್ಲಿ ಕೂತು ನನ್ನ ಮೇಲೆ, ಆ ಅಣ್ಣನ ಮೇಲೆ, ಕಾಯ್ದೆ ಬರೆದವರ ಮೇಲೆ ಎಲ್ಲರ ಮೇಲೂ ಸಿಟ್ಟು ಮಾಡಿಕೊಂಡೆ.

ಅವರು ಮಾತಾಡಬೇಕಾಗಿಯೇ ಬರಲಿಲ್ಲ. ಬಸದಿಗೆಂದು ಮೂಡಬಿದಿರೆಗೆ ಹೋದವರು ಬಸ್ಸಿನ ಕಿಟಕಿಯಿಂದಲೇ ಅಣ್ಣನ ಅಂಗಡಿಯ ಹೊಸ ಬೋರ್ಡು ನೋಡಿದರು. ದೊಡ್ಡ ಅಕ್ಷರದಲ್ಲಿ ಅಣ್ಣನ ಹೆಸರು, ಅದರ ಪಕ್ಕದಲ್ಲಿ ಅಷ್ಟೇ ದೊಡ್ಡದಾಗಿ "ಆಂಡ್ ಸನ್ಸ್". ಬೇರೆ ಊರಿನಲ್ಲಿ ಅಂಥ ಬೋರ್ಡನ್ನು ಯಾರೂ ಎರಡನೆಯ ಸಲ ನೋಡುವುದಿಲ್ಲ. ಇವರು ಇಳಿದು, ಅಂಗಡಿಯೊಳಗೆ ಹೋಗದೆ, ಎದುರು ಬದಿಯಲ್ಲಿ ನಿಂತು ಅದನ್ನು ನೋಡಿದರಂತೆ. ಆಮೇಲೆ ಬಸದಿಗೂ ಹೋಗದೆ ನೇರ ನಮ್ಮ ಕಚೇರಿಗೆ ಬಂದರು.

ನೀರು ಕೊಟ್ಟರೆ ಕುಡಿಯಲಿಲ್ಲ. ಅಣ್ಣನ ಬಗ್ಗೆ ಒಂದು ಮಾತೂ ಆಡಲಿಲ್ಲ. ಹಿರಿಯರ ಮುಂದೆ ಕೂತು ಒಂದೇ ಪ್ರಶ್ನೆ ಕೇಳಿದರು: "ನನ್ನ ಗಂಡ ಎಂತದ್ದೂ ಬರೆಯದಿದ್ದರೆ ಅಂಗಡಿ ಯಾರಿಗೆ?"

ಕೇಳಿದ್ದಕ್ಕೆ ಉತ್ತರ ಹೇಳಬೇಕಲ್ಲ, ಹಿರಿಯರು ಹೇಳಿದರು. "ನಿಮಗೆ ಮತ್ತು ಇಬ್ಬರು ಮಕ್ಕಳಿಗೆ, ಸಮ ಸಮ."

"ಇವರ ಅಳಿಯನಿಗೆ?"

"ಏನೂ ಇಲ್ಲ."

"ಹಾಗಾದರೆ ನಾನು ಎಂತ ಮಾಡಬೇಕು?"

"ಎಂತದ್ದೂ ಮಾಡುದು ಬೇಡ ಅಮ್ಮ. ಸುಮ್ಮನೆ ಕೂತರೆ ಸಾಕು."

ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಡಿಸಿದರು. ಎದ್ದು, "ಆಯ್ತು, ಬರ್ತೇನೆ" ಎಂದು ಹೊರಟುಹೋದರು. ನಾನು ಕಿಟಕಿಯಿಂದ ಅವರು ರಸ್ತೆ ದಾಟುವುದನ್ನು ನೋಡಿದೆ. ಇಬ್ಬರು ಹೆಣ್ಣುಮಕ್ಕಳ ತಾಯಿ. ಸುಮ್ಮನೆ ಕೂತರೆ ಸಾಕು. ಅವರ ಜಾಗದಲ್ಲಿ ನಾನಿದ್ದರೆ ಏನು ಮಾಡುತ್ತಿದ್ದೆ ಎಂದು ಕೇಳಿಕೊಂಡೆ. ಸುಮ್ಮನೆ ಕೂರುತ್ತಿದ್ದೆ ಎಂದೇ ಉತ್ತರ ಬಂತು, ನನಗದು ಇಷ್ಟವಾಗಲಿಲ್ಲ.

ಮಳೆಗಾಲ ಕಳೆಯಿತು. ಮದುವೆಗಳು ಶುರುವಾಗುವ ಮೊದಲು ಯಜಮಾನರಿಗೆ ಎದೆನೋವು ಬಂದು ಮಂಗಳೂರಿನ ಆಸ್ಪತ್ರೆಗೆ ಸೇರಿಸಿದರೆಂದು ಸಾಹೇಬರು ಬಂದು ಹೇಳಿದರು. ಪಾಲುದಾರಿಕೆಯ ಕರಡು ನನ್ನ ಮೇಜಿನ ಮೇಲೆ ಹಾಗೆಯೇ ಬಿದ್ದಿತ್ತು. ಅವರು ಬದುಕಿ ಬಂದರೆ ಸಾಕಪ್ಪ ಎಂದು ಬೇಡಿಕೊಳ್ಳುವಾಗಲೂ ನನ್ನ ಕಣ್ಣ ಮುಂದೆ ಬಂದದ್ದು ಆಸ್ಪತ್ರೆಯ ಹಾಸಿಗೆಯಲ್ಲ, ಮೆಟ್ಟಿಲಿನ ಕೆಳಗೆ ನಿಂತ ಅಳಿಯ. ದೇವರ ದಯೆ, ಯಜಮಾನರು ಎದ್ದು ಬಂದರು. ಬಂದ ಕೆಲವೇ ದಿನಗಳಲ್ಲಿ ಗಂಡ ಹೆಂಡತಿ ಇಬ್ಬರೂ ನಮ್ಮ ಮೆಟ್ಟಿಲು ಹತ್ತಿದರು. ಗಂಡ ಮುಂದೆ, ಬೇಡದ ಮನಸ್ಸಿನಿಂದ. ಹೆಂಡತಿ ಹಿಂದೆ, ಓಡಿಹೋಗದ ಹಾಗೆ.

"ಇವರು ವೀಲು ಬರೆಯುತ್ತಾರೆ" ಎಂದರು ಆಕೆ. "ಅಂಗಡಿಯ ಕೋಣೆ, ಹಿಂದಿನ ಮನೆ ನನಗೆ ಮತ್ತು ಹುಡುಗಿಯರಿಗೆ. ಪಾತ್ರೆ, ಬೆಂಚು, ಶಾಮಿಯಾನ, ಟೆಂಪೋ, ಅಂಗಡಿಯ ಹೆಸರು ಎಲ್ಲ ಅವನಿಗೆ. ಕೋಣೆಯನ್ನು ಅವನಿಗೆ ಬಾಡಿಗೆಗೆ ಕೊಡ್ತೇವೆ, ಅವನು ವ್ಯಾಪಾರ ಮಾಡುವವರೆಗೆ ಬಿಡಿಸುವ ಹಾಗೆ ಇಲ್ಲ. ಹಾಗೆ ಬರೆಯಲಿಕ್ಕೆ ಆಗ್ತದಾ?"

ಹಿರಿಯರು ಕುರ್ಚಿಯಿಂದ ಅರ್ಧ ಎದ್ದರು. ಕೋಣೆಯನ್ನೂ ವ್ಯಾಪಾರವನ್ನೂ ಬೇರೆ ಬೇರೆ ಮಾಡಿ, ಎರಡೂ ಕಡೆಯವರಿಗೆ ಅನ್ನ ಉಳಿಯುವ ದಾರಿ. ನಾನು ಇಷ್ಟು ದಿನ ಪುಸ್ತಕ ತಿರುವಿ ಹಾಕಿದರೂ ಸಿಗದ ದಾರಿ ಅಡುಗೆ ಮನೆಯಲ್ಲಿ ಸಿಕ್ಕಿತ್ತು. ಆದರೂ ನನ್ನ ಕುತೂಹಲ ಬಿಡಬೇಕಲ್ಲ. "ಅಕ್ಕ, ಸುಮ್ಮನೆ ಕೂತಿದ್ದರೆ ಎಲ್ಲವೂ ನಿಮಗೇ ಬರ್ತಿತ್ತು" ಎಂದೆ.

ಅವರು ನನ್ನನ್ನು ನೇರವಾಗಿ ನೋಡಿದರು. "ಅಣ್ಣ ನನಗೆ ಮಾಡಿದ್ದನ್ನು ನಾನು ಆ ಹುಡುಗನಿಗೆ ಮಾಡುದಾ?" ಎಂದರು. ಅಣ್ಣನ ಬಗ್ಗೆ ಅವರು ಆಡಿದ ಮಾತು ನಾನು ಕೇಳಿದ್ದು ಅದೊಂದೇ.

ಯಜಮಾನರು ಮಾತ್ರ ಗುರುಗುಟ್ಟುತ್ತಲೇ ಇದ್ದರು. "ಮಕ್ಕಳಿಗೆ ಕೋಣೆ ಕೊಡುದು ಸರಿ, ಅದಕ್ಕೆ ಬೇಕಾದರೆ ಬರೆಯುವ. ಆದರೆ ಅವನಿಗೆ ನಾನು ಬರೆಯುದು ಹೇಗೆ? ಬರೆದರೆ ನಾನು ಕೊಟ್ಟ ಹಾಗೆ ಆಗ್ತದೆ. ಅವನದ್ದನ್ನು ಅವನಿಗೆ ಕೊಡಲಿಕ್ಕೆ ನಾನು ಯಾರು? ನಾಳೆ ಜನ ಎಂತ ಹೇಳ್ತಾರೆ? ಅಳಿಯನಿಗೆ ಹಕ್ಕಿರಲಿಲ್ಲ, ಮಾವ ಪಾಪ ಅಂತ ಕೊಟ್ಟ, ಹೇಳುದಿಲ್ವಾ?"

ನಾನು ತಬ್ಬಿಬ್ಬಾದೆ. ಇಷ್ಟು ದಿನ ಇವರದ್ದು ಬರೀ ಹಟ ಎಂದುಕೊಂಡಿದ್ದೆ. ಅಳಿಯನ ಮಾನ ಕಾಯಲಿಕ್ಕೇ ಇವರು ಬರೆಯದೆ ಕೂತಿದ್ದರು! ಹಾಗೆ ಕಾಯುತ್ತಾ ಕಾಯುತ್ತಾ ಅವನನ್ನು ಬೀದಿಗೆ ಹಾಕುತ್ತಿದ್ದರು. ಹೆಂಡತಿಗೆ ಇದೆಲ್ಲ ಕೇಳಿ ಸಾಕಾಗಿತ್ತು. "ನೀವು ಬರೆಯದಿದ್ದರೆ ಬಿಡಿ. ನೀವು ಹೋದ ಮರುದಿನ ನಿಮ್ಮ ಅಳಿಯನನ್ನು ನಾನೇ ಹೊರಗೆ ಹಾಕ್ತೇನೆ. ಕಾನೂನು ನನ್ನ ಕಡೆ ಉಂಟು, ವಕೀಲರು ಹೇಳಿದ್ದಾರೆ" ಎಂದರು. ಯಜಮಾನರು ಕೈ ಬೀಸಿ, "ಬರೆಯಿರಿ ಮತ್ತೆ" ಎಂದರು.

ವೀಲುನಾಮೆಯನ್ನು ನಾನು ಬರೆದೆ. ಸ್ವಸ್ಥ ಚಿತ್ತದಿಂದ, ಯಾರ ಒತ್ತಾಯವೂ ಇಲ್ಲದೆ, ಸ್ವಂತ ಇಚ್ಛೆಯಿಂದ ಎಂದು ಎಲ್ಲರೂ ಬರೆಯುವ ಸಾಲನ್ನು ನಾನೂ ಬರೆದೆ. ಆ ಸಾಲನ್ನು 'ಶ್ರೀ' ಬರೆದಷ್ಟೇ ಸುಲಭವಾಗಿ ಬರೆಯುತ್ತೇವೆ, ಯಾರೂ ಓದುವುದಿಲ್ಲ.

ನೋಂದಣಿಗೆ ಬೆಳ್ತಂಗಡಿಯ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋದೆವು. ಅಳಿಯ ಟೆಂಪೋದಲ್ಲಿ ಎಲ್ಲರನ್ನೂ ಕರೆತಂದ. ಸಾಕ್ಷಿಗೆ ಸಾಹೇಬರು ಮತ್ತು ನಮ್ಮ ಕಚೇರಿಯ ಗುಮಾಸ್ತರು. ಅಳಿಯನೂ ಯಜಮಾನರ ಹೆಂಡತಿಯೂ ಹೊರಗೆ ಜಗಲಿಯಲ್ಲಿ ಕೂರಬೇಕೆಂದು ನಾನು ಮೊದಲೇ ಹೇಳಿದ್ದೆ, ಲಾಭ ಇರುವವರು ಒಳಗೆ ಇರಬಾರದು. ಒಳಗೆ ಜನ ಕಿಕ್ಕಿರಿದಿದ್ದರು. ಸಬ್ ರಿಜಿಸ್ಟ್ರಾರ್ ಪತ್ರ ತಿರುವಿ, ತಲೆ ಎತ್ತದೆ ದಿನಕ್ಕೆಷ್ಟೋ ಸಲ ಕೇಳುವ ಪ್ರಶ್ನೆ ಕೇಳಿದರು: "ಇದು ನೀವು ಸ್ವಂತ ಇಚ್ಛೆಯಿಂದ ಬರೆಸಿದ್ದಾ?"

"ಇಚ್ಛೆ ಎಲ್ಲಿಂದ ಬಂತು?" ಎಂದರು ಯಜಮಾನರು. "ಅದು ಅವನದ್ದೇ ಅಲ್ವಾ? ನನ್ನ ಇಚ್ಛೆಯಿಂದ ಎಂತ ಆಗ್ಲಿಕ್ಕೆ ಉಂಟು?"

ಸಬ್ ರಿಜಿಸ್ಟ್ರಾರ್ ಈಗ ತಲೆ ಎತ್ತಿದರು. "ಅಂದರೆ ಇಚ್ಛೆ ಇಲ್ವಾ?"

"ಇಲ್ಲ."

ಅಯ್ಯೋ ದೇವರೇ! ನಾನು ಅವರ ಕೈ ಹಿಡಿದು ಎಳೆದೆ. ಸಾಹೇಬರು, "ಹೌದು ಅಂತ ಹೇಳಿ ಮಾರಾಯ್ರೆ" ಎಂದು ಪಿಸುಗುಟ್ಟಿದರು. ಸಬ್ ರಿಜಿಸ್ಟ್ರಾರ್ ಪೆನ್ನು ಕೆಳಗಿಟ್ಟು, ಪತ್ರವನ್ನು ನನ್ನ ಕಡೆ ತಳ್ಳಿದರು. "ಇಚ್ಛೆ ಇಲ್ಲದವರದ್ದು ನಾನು ಮಾಡುದಿಲ್ಲ. ಹೊರಗೆ ಹೋಗಿ ಮಾತಾಡಿ ಬನ್ನಿ."

ಜಗಲಿಗೆ ಬಂದೆವು. ನನಗೆ ಅಳು ಬರುವಷ್ಟು ಸಿಟ್ಟು. ಇಡೀ ಆಫೀಸಿನಲ್ಲಿ ಸುಳ್ಳು ಹೇಳದ ಮನುಷ್ಯ ಒಬ್ಬನಿದ್ದರೆ ಅದು ನಮ್ಮ ಕಕ್ಷಿದಾರನೇ ಆಗಬೇಕಿತ್ತೇ? ಆದದ್ದನ್ನು ಕೇಳಿದ ಹೆಂಡತಿ ತಲೆಗೆ ಕೈಯಿಟ್ಟು ಮೆಟ್ಟಿಲಿನಲ್ಲಿ ಕೂತರು. ಅಳಿಯ ಮಾತ್ರ ಎದ್ದು ಯಜಮಾನರ ಮುಂದೆ ಬಂದು ನಿಂತ. ಮಾವ ಬೈದಾಗಲೆಲ್ಲ ನೆಲ ನೋಡುತ್ತಿದ್ದವನು ಅವತ್ತು ಮುಖ ನೋಡಿ ಮಾತಾಡಿದ. ತುಳುವಿನಲ್ಲಿ ಆಡಿದ್ದು, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಮಾವ, ಒಂದು ಕೇಳ್ತೇನೆ. ಕಟ್ಟಿನ ಪ್ರಕಾರ ಆದರೆ ಅಮ್ಮನಿಗೆ ಯಾರು ಹುಟ್ಟಿದ್ದರೂ ಅಂಗಡಿ ಅವನಿಗೇ ಹೋಗ್ತಿತ್ತು. ಕುಡುಕ ಹುಟ್ಟಿದ್ದರೂ ಅವನಿಗೇ, ಕಳ್ಳ ಹುಟ್ಟಿದ್ದರೂ ಅವನಿಗೇ. ಹೌದಾ ಅಲ್ವಾ?"

"ಹೌದು."

"ಮತ್ತೆ ನಾನು ಇಷ್ಟು ವರ್ಷ ಕೆಲಸ ಮಾಡಿದ್ದಕ್ಕೆ ಎಂತ ಅರ್ಥ? ನನ್ನ ಹಕ್ಕು, ನನ್ನ ಹಕ್ಕು ಹೇಳ್ತೀರಿ. ಹಕ್ಕು ಯಾರಿಗೆ ಬೇಕು? ಇವನಿಗೆ ಕೊಡಬೇಕು ಅಂತ ನಿಮಗೆ ಒಂದು ದಿನವಾದರೂ ಅನ್ನಿಸಿದೆಯಾ? ಅನ್ನಿಸಿದರೆ ಒಳಗೆ ಹೋಗಿ ಹೇಳಿ. ಅನ್ನಿಸದಿದ್ದರೆ ಎಲ್ಲವನ್ನೂ ಹುಡುಗಿಯರಿಗೇ ಬರೆಯಿರಿ, ನಾನು ಬೇಸರ ಮಾಡುದಿಲ್ಲ. ಆದರೆ ಇವತ್ತೇ ಹೋಗ್ತೇನೆ."

ಪಕ್ಕದಲ್ಲಿ ತಮ್ಮ ಸರದಿ ಕಾಯುತ್ತಿದ್ದವರೂ ಇತ್ತ ತಿರುಗಿದರು. ವೀಲುನಾಮೆ ಬರೆಯುವವನ ಮನಸ್ಸನ್ನು ಹೀಗೆಲ್ಲ ಕದಡಬಾರದು ಎಂದು ನಮ್ಮ ಹಿರಿಯರು ಪಾಠ ಹೇಳಿದ್ದರು. ಅದು ನೆನಪಾದರೂ ನಾನು ಅಡ್ಡ ಬರಲಿಲ್ಲ. ಯಜಮಾನರು ಅಳಿಯನನ್ನು ನೋಡುತ್ತಲೇ ನಿಂತರು. ಪಂಚೆ ಎತ್ತಿ ಕಟ್ಟಿ, ನನ್ನನ್ನು ಕಾಯದೆ ಒಳಗೆ ನಡೆದರು. ನಾನೂ ಸಾಕ್ಷಿಗಳೂ ಹಿಂದೆಯೇ ಓಡಿದೆವು.

"ಈಗ ಹೇಳಿ" ಎಂದರು ಸಬ್ ರಿಜಿಸ್ಟ್ರಾರ್. "ನಿಮ್ಮ ಸ್ವಂತ ಇಚ್ಛೆಯಾ?"

ಯಜಮಾನರು ಅವರಿಗೆ ಉತ್ತರ ಕೊಡಲಿಲ್ಲ. ಬಾಗಿಲ ಕಡೆ ತಿರುಗಿ ನಿಂತು, ಜಗಲಿಯವರೆಗೆ ಕೇಳುವಷ್ಟು ಜೋರಾಗಿ ಹೇಳಿದರು: "ನನ್ನ ತಂಗಿಗೆ ಹತ್ತು ಮಕ್ಕಳಿದ್ದರೂ ನಾನು ಇವನಿಗೇ ಕೊಡ್ತಿದ್ದೆ. ನನಗೆ ಗಂಡುಮಗ ಹುಟ್ಟಿದ್ದರೂ ಇವನಿಗೇ ಕೊಡ್ತಿದ್ದೆ. ಅದನ್ನೂ ಬರೆದುಕೊಳ್ಳಿ."

"ಅಷ್ಟೆಲ್ಲ ಬರೆಯಲಿಕ್ಕೆ ಇಲ್ಲಿ ಜಾಗ ಇಲ್ಲ" ಎಂದರು ಸಬ್ ರಿಜಿಸ್ಟ್ರಾರ್. "ಹೌದು ಅಂದರೆ ಸಾಕು."

"ಹೌದು" ಎಂದು ಹೇಳಿ ಯಜಮಾನರು ಸಹಿ ಹಾಕಿದರು. ಹೊರಗೆ ಜಗಲಿಯಲ್ಲಿ ಅಳಿಯ ಎಲ್ಲರ ಎದುರೇ ಅಳುತ್ತಿದ್ದ.